ತೋಟ ಹಳೇದು, ಬಳ್ಳಿ ಹೊಸದು: ವೈನ್ ತೋಟಗಳ ಬಗ್ಗೆ ನಿಮ್ಮ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಹಳೇ ದ್ರಾಕ್ಷಿ ತೋಟಗಳ ಬಗ್ಗೆ ಎರಡು ಮಾತು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ತೋಟ ನೋಡಿ ಬಂದವರು, ಹೋಗಬೇಕು ಅಂತಿರುವವರು, ವೈನ್ ಮುಟ್ಟದೇ ಇರುವವರು, ಎಲ್ಲರೂ ಬರೆದಿದ್ದೀರಿ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿ ಇಲ್ಲಿ ಉತ್ತರ ಕೊಡುತ್ತಿದ್ದೇನೆ.

ಪ್ರಶ್ನೆ: ಒಂಬೈನೂರು ವರ್ಷದ ತೋಟ ಅಂತ ಹೇಳಿ ಕರೆದುಕೊಂಡು ಹೋದರು. ಬಳ್ಳಿಗೆ ಎಷ್ಟು ವಯಸ್ಸು ಅಂತ ಕೇಳಿದರೆ ನಲವತ್ತು ಅಂದರು. ನನಗೆ ಪೂರ್ತಿ ನಿರಾಸೆ ಆಯಿತು. ಇದು ಜನರನ್ನು ಸೆಳೆಯೋಕೆ ಹೇಳುವ ಮಾತು ಅಲ್ವಾ?

ಅಲ್ಲ, ನಿಮಗೆ ಯಾರೂ ಸುಳ್ಳು ಹೇಳಿಲ್ಲ. ಆದರೆ ಅರ್ಧ ಕತೆ ಹೇಳಿ ಬಿಟ್ಟಿದ್ದಾರೆ. ಉಳಿದ ಅರ್ಧವನ್ನು ಬಳ್ಳಿಯ ಬುಡದಲ್ಲಿ ನಿಲ್ಲಿಸಿ ಹೇಳಬೇಕಿತ್ತು.

1863ರ ಸುಮಾರಿಗೆ ದಕ್ಷಿಣ ಫ್ರಾನ್ಸಿನ ತೋಟಗಳಲ್ಲಿ ಬಳ್ಳಿಗಳು ಸುಮ್ಮಸುಮ್ಮನೆ ಒಣಗತೊಡಗಿದವು. ಎಲೆ ಹಳದಿಯಾಗಿ ಉದುರುತ್ತಿತ್ತು, ಮಾರನೇ ವರ್ಷ ಬಳ್ಳಿಯೇ ಇರುತ್ತಿರಲಿಲ್ಲ. ಸತ್ತ ಬಳ್ಳಿ ಕಿತ್ತು ನೋಡಿದರೆ ಬೇರು ಕೊಳೆತಿರುತ್ತಿತ್ತು, ಹುಳ ಮಾತ್ರ ಒಂದೂ ಸಿಗುತ್ತಿರಲಿಲ್ಲ. 1868ರಲ್ಲಿ ಪ್ಲಾಂಶೋ ಎಂಬ ಸಸ್ಯವಿಜ್ಞಾನಿ ಮತ್ತು ಅವರ ಸಂಗಡಿಗರು ಸತ್ತದ್ದನ್ನು ಬಿಟ್ಟು ಪಕ್ಕದಲ್ಲಿದ್ದ ಜೀವಂತ ಬಳ್ಳಿಯನ್ನು ಕಿತ್ತು ನೋಡಿದರು. ಬೇರಿನ ತುಂಬ ಹಳದಿ ಬಣ್ಣದ ಸಣ್ಣ ಸಣ್ಣ ಹೇನು! ಬಳ್ಳಿ ಸಾಯುವ ಹೊತ್ತಿಗೆ ಅವು ಅದನ್ನು ಬಿಟ್ಟು ಮುಂದಿನ ಬಳ್ಳಿಗೆ ಹೋಗಿಬಿಡುತ್ತಿದ್ದವು. ಅದಕ್ಕೇ ಅಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಫಿಲಾಕ್ಸೆರಾ ಅಂತ ಅದರ ಹೆಸರು. ಅಮೆರಿಕದಿಂದ ತಂದ ಬಳ್ಳಿಗಳ ಜೊತೆ ಬಂದಿತ್ತು. ಅಮೆರಿಕದ ಕಾಡು ದ್ರಾಕ್ಷಿಗೆ ಅದನ್ನು ತಾಳಿಕೊಳ್ಳುವ ಶಕ್ತಿ ಇತ್ತು, ಯೂರೋಪಿನ ಬಳ್ಳಿಗೆ ಇರಲಿಲ್ಲ.

ಕೊನೆಗೆ ಉಳಿಸಿದ್ದು ಕಸಿ. ಕೆಳಗೆ ಅಮೆರಿಕದ ಬೇರು, ಮೇಲೆ ಯೂರೋಪಿನ ಬಳ್ಳಿ. ಯೂರೋಪಿನ ಬಹುಪಾಲು ತೋಟಗಳನ್ನು ಹೀಗೆ ಹೊಸದಾಗಿಯೇ ನೆಡಬೇಕಾಯಿತು. ಮುಂದಿನ ಸಲ ಹೋದಾಗ ಕೇಳಿಕೊಂಡು ಒಂದು ಬಳ್ಳಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿ. ಮಣ್ಣಿನಿಂದ ನಾಲ್ಕು ಬೆರಳು ಮೇಲೆ ಒಂದು ಗಂಟು ಇರುತ್ತದೆ. ಅದರ ಕೆಳಗಿನ ಕಾಂಡವೇ ಬೇರೆ, ಮೇಲಿನದೇ ಬೇರೆ. ತೊಗಟೆ ಸುಲಿದುಕೊಂಡು ನೂಲಿನ ಹಾಗೆ ಜೋತುಬಿದ್ದಿರುತ್ತದೆ, ಗಂಟಿನ ಹತ್ತಿರ ಮಾತ್ರ ಗಾಯ ಮಾಗಿದ ಹಾಗೆ ಉಬ್ಬಿಕೊಂಡಿರುತ್ತದೆ. ನಾನು ಮೊದಲ ಸಲ ಅದರ ಮೇಲೆ ಬೆರಳಾಡಿಸಿದಾಗ ಸ್ವಲ್ಪ ಹೊತ್ತು ಅಲ್ಲಿಂದ ಏಳೋಕೆ ಮನಸ್ಸೇ ಬರಲಿಲ್ಲ. ಎರಡು ಖಂಡಗಳ ಗಿಡ ಒಂದೇ ಕಾಂಡದಲ್ಲಿ ಬದುಕುತ್ತಿದೆ. ಅಷ್ಟು ದೊಡ್ಡ ನಾಶದ ಗುರುತು ಒಂದು ಬೆರಳಿನಡಿ ಸಿಗುತ್ತದೆ.

ಅಲ್ಲದೆ ಬಳ್ಳಿಗೂ ವಯಸ್ಸಾಗುತ್ತದೆ. ವಯಸ್ಸಾದ ಹಾಗೆ ಫಸಲು ಕಡಿಮೆಯಾಗುತ್ತದೆ. ಹಾಗಾಗಿ ತೋಟದವರು ಒಂದೊಂದು ಭಾಗವನ್ನೇ ಕಿತ್ತು ಹೊಸದಾಗಿ ನೆಡುತ್ತಾ ಬರುತ್ತಾರೆ.

ಹಾಗಾದರೆ ಹಳೇದು ಯಾವುದು? ನೆಲ, ಗೋಡೆ, ಮತ್ತೆ ಯಾವ ಮಣ್ಣಿಗೆ ಏನು ಒಗ್ಗುತ್ತದೆ ಅನ್ನುವ ತಿಳುವಳಿಕೆ. ಫ್ರಾನ್ಸಿನ ಬರ್ಗಂಡಿಯಲ್ಲಿ ಕ್ಲೋ ದ ವೂಜೋ ಅಂತ ಒಂದು ತೋಟ ಇದೆ. ಸಿಸ್ಟರ್ಷಿಯನ್ ಎಂಬ ಕ್ರೈಸ್ತ ಪಂಗಡದ ಸನ್ಯಾಸಿಗಳು ಹನ್ನೆರಡನೇ ಶತಮಾನದಿಂದ ಅಲ್ಲಿ ದ್ರಾಕ್ಷಿ ಬೆಳೆದರು, 1336ರ ಹೊತ್ತಿಗೆ ಸುತ್ತ ಕಲ್ಲಿನ ಗೋಡೆ ಎದ್ದಿತ್ತು. ಫ್ರೆಂಚ್ ಕ್ರಾಂತಿಯಲ್ಲಿ ಮಠದ ಆಸ್ತಿ ಹರಾಜಾಯಿತು. ಈಗ ಆ ಒಂದೇ ಗೋಡೆಯೊಳಗಿನ ಸುಮಾರು 50 ಹೆಕ್ಟೇರಿಗೆ ಎಂಬತ್ತಕ್ಕೂ ಹೆಚ್ಚು ಮಾಲೀಕರಿದ್ದಾರೆ. ಮೇಲಿನ ಇಳಿಜಾರಿನ ಸಾಲುಗಳಲ್ಲಿ ನೀರು ನಿಲ್ಲುವುದಿಲ್ಲ, ಕೆಳಗೆ ರಸ್ತೆ ಪಕ್ಕದಲ್ಲಿ ಜೇಡಿಮಣ್ಣು ಜಾಸ್ತಿ. ಹೀಗಾಗಿ ಹೆಸರು ಒಂದೇ ಇದ್ದರೂ ರುಚಿ ಒಂದೇ ಇರುವುದಿಲ್ಲ. ಈ ವ್ಯತ್ಯಾಸ ನಿಮಗೆ ಬಳ್ಳಿಯ ವಯಸ್ಸು ಕೇಳಿದರೆ ಗೊತ್ತಾಗುವುದಿಲ್ಲ. ಇಳಿಜಾರಿನಲ್ಲಿ ಮೇಲಿಂದ ಕೆಳಗೆ ನಡೆದು, ಕಾಲಡಿಯ ಮಣ್ಣು ನೋಡಿಕೊಂಡು ಬಂದರೆ ಗೊತ್ತಾಗುತ್ತದೆ.

ನಿಜಕ್ಕೂ ಹಳೇ ಬಳ್ಳಿಯೇ ನೋಡಬೇಕು ಅಂದರೆ ಅದೂ ಇದೆ. ಸ್ಲೊವೇನಿಯಾದ ಮಾರಿಬೋರ್ ಊರಲ್ಲಿ ಒಂದು ಮನೆಯ ಗೋಡೆಗೆ ಹಬ್ಬಿಕೊಂಡಿರುವ ಬಳ್ಳಿಗೆ 400 ವರ್ಷಕ್ಕೂ ಹೆಚ್ಚು, ಇವತ್ತಿಗೂ ಹಣ್ಣು ಬಿಡುತ್ತದೆ. ದಕ್ಷಿಣ ಆಸ್ಟ್ರೇಲಿಯಾಕ್ಕೆ ಆ ಹೇನು ಕಾಲಿಟ್ಟಿಲ್ಲ, ಅಲ್ಲಿನ ಬರೋಸಾ ಕಣಿವೆಯಲ್ಲಿ 1843ರಲ್ಲಿ ನೆಟ್ಟ ಶಿರಾಜ್ ಎಂಬ ಕೆಂಪು ವೈನ್ ತಳಿಯ ಬಳ್ಳಿಗಳು ತಮ್ಮ ಸ್ವಂತ ಬೇರಿನ ಮೇಲೇ ನಿಂತಿವೆ. ಅಂಥ ಕಡೆ ಸಾಲಿನೊಳಗೆ ಹೋಗಬೇಡಿ, ಚಪ್ಪಲಿ ಬೂಟು ತೊಳೆಯಿರಿ ಅಂತ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಬೂಟಿಗೆ ಅಂಟಿದ ಒಂದು ಹಿಡಿ ಮಣ್ಣು ಸಾಕು, ನೂರೆಂಬತ್ತು ವರ್ಷದ ಬಳ್ಳಿಗೆ ಕುತ್ತು ಬರುತ್ತದೆ.

ಪ್ರಶ್ನೆ: ರುಚಿ ನೋಡುವಾಗ ಪಕ್ಕದವರೆಲ್ಲ ಚೆರ್ರಿ, ತಂಬಾಕು, ಚರ್ಮ, ಗುಲಾಬಿ ಅಂತ ಏನೇನೋ ಹೇಳುತ್ತಿದ್ದರು. ನನಗೆ ಬರೀ ವೈನ್ ವಾಸನೆ ಬಂತು. ನನ್ನ ಮೂಗಲ್ಲೇ ಏನೋ ದೋಷ ಇದೆಯಾ?

ಇಲ್ಲ. ನಿಮ್ಮ ಪತ್ರ ಓದಿ ನನಗೆ ನಿಜವಾಗಿ ಸಂಕಟ ಆಯಿತು. ಎಷ್ಟೋ ಜನ ಇದೇ ಅಳುಕಿನಿಂದ ಬಾಯಿ ಬಿಡದೆ ನಿಂತು ವಾಪಸ್ ಬರುತ್ತಾರೆ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ವಿಷಯವನ್ನೇ ಓದುತ್ತಿದ್ದ 54 ಜನರಿಗೆ ಬಿಳಿ ವೈನಿಗೆ ವಾಸನೆ ಇಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ವರ್ಣಿಸಿದರು. ಕಣ್ಣು ಹೇಳಿದ್ದನ್ನು ಮೂಗು ನಂಬುತ್ತದೆ. ಪಕ್ಕದವರು ಹೇಳಿದ್ದನ್ನೂ ನಂಬುತ್ತದೆ. ಇನ್ನೊಂದು, ಶಿರಾಜ್ ವೈನಿನಲ್ಲಿ ಕರಿಮೆಣಸಿನ ಘಾಟು ಕೊಡುವ ರೊಟುಂಡೋನ್ ಅನ್ನುವ ಒಂದು ಅಂಶ ಇದೆ. ಐದು ಜನರಲ್ಲಿ ಸುಮಾರು ಒಬ್ಬರಿಗೆ ಅದರ ವಾಸನೆ ಹತ್ತುವುದೇ ಇಲ್ಲ. ಪಕ್ಕದವರು "ಮೆಣಸು" ಅಂದಾಗ ನಿಮಗೆ ಬರಲಿಲ್ಲ ಅಂದರೆ ಇಬ್ಬರ ಮಾತೂ ನಿಜವೇ ಇರಬಹುದು.

ಈಗ ಮಾಡುವುದು ಹೇಗೆ ಅಂತ ಹೇಳುತ್ತೇನೆ. ಗ್ಲಾಸಿನ ಕಾಲು ಹಿಡಿಯಿರಿ, ಹೊಟ್ಟೆ ಹಿಡಿದರೆ ಕೈಬಿಸಿಗೆ ವೈನ್ ಬೆಚ್ಚಗಾಗುತ್ತದೆ. ಬಿಳಿ ಕಾಗದದ ಮೇಲೆ ಗ್ಲಾಸನ್ನು ಸ್ವಲ್ಪ ವಾಲಿಸಿ ಅಂಚು ನೋಡಿ. ಕೆಂಪು ವೈನ್ ಎಳೆಯದಿದ್ದಾಗ ನೇರಳೆ ಛಾಯೆ ಇರುತ್ತದೆ, ವಯಸ್ಸಾದ ಹಾಗೆ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿ ತೆಳುವಾಗುತ್ತದೆ. ಬಿಳಿಯದು ತಿರುಗಾಮುರುಗಾ, ವಯಸ್ಸಾದಷ್ಟೂ ಗಾಢವಾಗುತ್ತದೆ. ಆಮೇಲೆ ಗ್ಲಾಸ್ ಅಲ್ಲಾಡಿಸದೆ ಒಮ್ಮೆ ಮೂಸಿ. ಮೇಜಿನ ಮೇಲೇ ಇಟ್ಟು ಎರಡು ಸುತ್ತು ತಿರುಗಿಸಿ ಇನ್ನೊಮ್ಮೆ ಮೂಸಿ. ಎರಡಕ್ಕೂ ಏನು ವ್ಯತ್ಯಾಸ ಅಂತ ಮಾತ್ರ ಗಮನಿಸಿ, ಹೆಸರು ಹುಡುಕೋಕೆ ಹೋಗಬೇಡಿ.

ಬಾಯಿಗೆ ಒಂದು ಸಣ್ಣ ಗುಟುಕು ಸಾಕು. ನುಂಗದೆ ನಾಲಿಗೆಯ ಮೇಲೆ ಆಡಿಸುತ್ತಾ ಮನಸ್ಸಲ್ಲಿ ಹತ್ತರವರೆಗೆ ಎಣಿಸಿ. ಹುಳಿ ಇದ್ದರೆ ಕೆನ್ನೆಯ ಒಳಗೆ ಜೊಲ್ಲು ಬರುತ್ತದೆ. ಟ್ಯಾನಿನ್ ಇದ್ದರೆ ಕಡು ಚಹಾ ಕುಡಿದ ಹಾಗೆ ಒಸಡೆಲ್ಲ ಒಗರು ಹಿಡಿದು ಒಣಗುತ್ತದೆ. ಇದು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುವ ಒಗರು, ಪೀಪಾಯಿಯ ಮರದಿಂದಲೂ ಸ್ವಲ್ಪ ಬರುತ್ತದೆ. ಮದ್ಯಸಾರ ಜಾಸ್ತಿ ಇದ್ದರೆ ಗಂಟಲಲ್ಲಿ ಬಿಸಿ ಅನ್ನಿಸುತ್ತದೆ. ಆಮೇಲೆ ರುಚಿ ಎಷ್ಟು ಹೊತ್ತು ಬಾಯಲ್ಲಿ ಉಳಿಯಿತು ಅಂತ ನೋಡಿ. ಹುಳಿ, ಒಗರು, ಸಿಹಿ, ಬಿಸಿ, ಉಳಿಕೆ. ಮೊದಲ ಸಲ ಹೋದವರಿಗೆ ಈ ಐದು ಧಾರಾಳವಾಗಿ ಸಾಕು ಅಂತ ನನ್ನ ಅಭಿಪ್ರಾಯ. ಚೆರ್ರಿ, ತಂಬಾಕು ಎಲ್ಲ ತಾನಾಗಿ ಬಂದರೆ ಬರಲಿ.

ಬಂದಾಗ ನಿಮ್ಮದೇ ಮಾತಲ್ಲಿ ಹೇಳಿ. ವರ್ಷಗಟ್ಟಲೆ ಇಟ್ಟ ರೀಸ್ಲಿಂಗ್ ಎಂಬ ಬಿಳಿ ವೈನ್ ಒಂದನ್ನು ಮೂಸಿದಾಗ ನನಗೆ ನೇರ ಸೀಮೆಎಣ್ಣೆ ನೆನಪಾಯಿತು, ಹೇಳೋದೋ ಬೇಡವೋ ಅಂತ ಒದ್ದಾಡಿ ಕೊನೆಗೆ ಹೇಳಿದೆ. ಸುರಿದುಕೊಡುತ್ತಿದ್ದ ಹೆಂಗಸು ಮುಖ ಅರಳಿಸಿ "ಸರಿಯಾಗಿ ಹಿಡಿದಿರಿ" ಅಂದರು. ಹಳೇ ರೀಸ್ಲಿಂಗಿಗೆ ಅದು ಇರಬೇಕಾದ ವಾಸನೆಯೇ. ಕ್ಯಾಬರ್ನೆ ಎಂಬ ಕೆಂಪು ವೈನಿನಲ್ಲಿ ದೊಣ್ಣೆ ಮೆಣಸಿನಕಾಯಿ ವಾಸನೆ ಬಂದರೂ ಅಷ್ಟೇ, ಅದು ನಿಮ್ಮ ಭ್ರಮೆ ಅಲ್ಲ.

ಆ ದಿನ ಸೆಂಟ್ ಹಾಕಿಕೊಂಡು ಹೋಗಬೇಡಿ. ಬೇರೆಯವರ ಮೂಗಿಗೂ ತೊಂದರೆ.

ಪ್ರಶ್ನೆ: ಬಾಯಲ್ಲಿದ್ದ ವೈನನ್ನು ಉಗುಳಿದರೆ ಮಾಡಿದವರಿಗೆ ಅವಮಾನ ಆಗುವುದಿಲ್ಲವೇ?

ಖಂಡಿತ ಆಗುವುದಿಲ್ಲ. ವೈನ್ ಮಾಡುವವರೇ ದಿನವಿಡೀ ಉಗುಳುತ್ತಾರೆ, ಮೇಜಿನ ಮೇಲೆ ಪಾತ್ರೆ ಇಟ್ಟಿರುವುದೇ ಅದಕ್ಕೆ. ಲೆಕ್ಕ ಹಾಕಿ ನೋಡಿ. ಆರು ಬಗೆ, ಒಂದೊಂದೂ 50 ಮಿಲಿ ಅಂದರೆ 300 ಮಿಲಿ ಆಯಿತು. ಅಂದರೆ ಎರಡು ತುಂಬಿದ ಗ್ಲಾಸ್, ಅದೂ ಒಂದು ಗಂಟೆಯೊಳಗೆ. ನಾಲ್ಕನೆಯದರ ಹೊತ್ತಿಗೆ ನಾಲಿಗೆ ಹೇಳುವುದನ್ನು ತಲೆ ಕೇಳುವುದಿಲ್ಲ. ಗಾಡಿ ಓಡಿಸುವವರು ಉಗುಳಿದರೂ ಸ್ವಲ್ಪ ಮದ್ಯಸಾರ ಒಳಗೆ ಹೋಗಿಯೇ ಹೋಗುತ್ತದೆ, ಹಾಗಾಗಿ ಓಡಿಸುವವರು ರುಚಿ ನೋಡುವುದೇ ಬೇಡ, ಇದರಲ್ಲಿ ನನ್ನದು ಕಡಾಖಂಡಿತ ಮಾತು. ಗರ್ಭಿಣಿಯರೂ ಬೇಡ. ಮಾತ್ರೆ ತೆಗೆದುಕೊಳ್ಳುತ್ತಿರುವವರು ಮೊದಲೇ ವೈದ್ಯರನ್ನು ಕೇಳಿ.

ಪ್ರಶ್ನೆ: ನಾನು ಮದ್ಯ ಮುಟ್ಟುವುದಿಲ್ಲ. ಮನೆಯವರೆಲ್ಲ ಹೊರಟಿದ್ದಾರೆ. ನಾನೂ ಹೋದರೆ ಸುಮ್ನೆ ಹೊರಗೆ ಕೂತಿರಬೇಕಾಗುತ್ತಾ?

ದಯವಿಟ್ಟು ಹೋಗಿ. ಕುಡಿಯದೆ ನೋಡುವುದು ಅಲ್ಲಿ ಬೇಕಾದಷ್ಟಿದೆ. ನೀವು ಗಮನವಿಟ್ಟು ನೋಡುತ್ತೀರಿ ಕೂಡ.

ನೆಲಮಾಳಿಗೆಗೆ ಇಳಿಯುವಾಗ ಮೆಟ್ಟಿಲ ಮೇಲೇ ತಂಪು ತಾಗುತ್ತದೆ. ಹೊರಗೆ ಎಷ್ಟೇ ಬಿಸಿಲಿರಲಿ, ಒಳ್ಳೇ ನೆಲಮಾಳಿಗೆ ವರ್ಷವಿಡೀ 10ರಿಂದ 13 ಡಿಗ್ರಿ ಇರುತ್ತದೆ. ಒಂದು ಸ್ವೆಟರ್ ಜೊತೆಗಿರಲಿ. ಕೆಲವು ಹಳೇ ಮಾಳಿಗೆಗಳಲ್ಲಿ, ಮುಖ್ಯವಾಗಿ ಹಂಗೇರಿಯ ಟೊಕಾಯ್ ಕಡೆ, ಗೋಡೆ ಪೂರ್ತಿ ಕಪ್ಪು ಬೂಷ್ಟು ಹಿಡಿದಿರುತ್ತದೆ. ನೋಡೋಕೆ ಕರಿಯ ಉಣ್ಣೆ ಹೊದಿಸಿದ ಹಾಗೆ. ಕೊಳಕು ಅಂದುಕೊಳ್ಳಬೇಡಿ. ಪೀಪಾಯಿಯ ಮರದ ಸಂದಿನಿಂದ ಆವಿಯಾಗುವ ಮದ್ಯಸಾರವೇ ಅದಕ್ಕೆ ಆಹಾರ. ಮುಟ್ಟಿದರೆ ಹತ್ತಿಯಷ್ಟು ಮೆತ್ತಗಿರುತ್ತದೆ, ಕೇಳಿಕೊಂಡು ಮುಟ್ಟಿ. ಹೀಗೆ ಆವಿಯಾದಷ್ಟನ್ನು ಆಗಾಗ ತುಂಬಿಸುತ್ತಲೇ ಇರಬೇಕು. ಪೀಪಾಯಿಯಲ್ಲಿ ಗಾಳಿ ನಿಂತರೆ ವೈನ್ ಹುಳಿದು ವಿನೆಗರ್ ಆಗಿಬಿಡುತ್ತದೆ.

ಮೊದಲು ಮಾಳಿಗೆಗೆ ಇಳಿಯುವಾಗ ಮೇಣದಬತ್ತಿ ಹಿಡಿದು ಹೋಗುತ್ತಿದ್ದರು. ಬೆಳಕಿಗೆ ಅಷ್ಟೇ ಅಲ್ಲ. ದ್ರಾಕ್ಷಿ ರಸ ಹುದುಗುವಾಗ ಬರುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ನೆಲದ ಹತ್ತಿರ ತುಂಬಿಕೊಳ್ಳುತ್ತದೆ. ದೀಪ ಮಂಕಾದರೆ ಓಡಿ ಮೇಲೆ ಬರಬೇಕು. ಈಗ ಅದಕ್ಕೆ ಯಂತ್ರಗಳಿವೆ. ಆದರೆ ಸುಗ್ಗಿಯ ಹೊತ್ತಲ್ಲಿ ತೊಟ್ಟಿಯ ಬಾಯಿಗೆ ಬಗ್ಗಿ ಇಣುಕಬೇಡಿ ಅಂತ ಇವತ್ತಿಗೂ ಹೇಳುತ್ತಾರೆ, ಆ ಮಾತು ಕೇಳಿ.

ಜಾರ್ಜಿಯಾ ದೇಶಕ್ಕೆ ಹೋಗುವವರಿದ್ದರೆ ಪೀಪಾಯಿಗಿಂತಲೂ ಹಳೇ ಪದ್ಧತಿ ನೋಡಬಹುದು. ಅಲ್ಲಿ ಮೊಟ್ಟೆಯಾಕಾರದ ದೊಡ್ಡ ಮಣ್ಣಿನ ಗುಡಾಣಗಳನ್ನು ಕತ್ತಿನವರೆಗೆ ನೆಲದಲ್ಲಿ ಹೂತಿರುತ್ತಾರೆ. ಕ್ವೆವ್ರಿ ಅಂತ ಹೆಸರು. ರಸ, ಸಿಪ್ಪೆ, ಬೀಜ ಎಲ್ಲ ಒಟ್ಟಿಗೆ ಅದರೊಳಗೆ ಹಾಕಿ ಬಾಯಿ ಮುಚ್ಚುತ್ತಾರೆ. 2013ರಲ್ಲಿ ಯುನೆಸ್ಕೋ ಈ ಪದ್ಧತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಆ ನೆಲದಲ್ಲಿ ಸಿಕ್ಕ ಸುಮಾರು 8000 ವರ್ಷ ಹಿಂದಿನ ಮಡಕೆ ಚೂರುಗಳಲ್ಲಿ ದ್ರಾಕ್ಷಿ ವೈನಿನ ಗುರುತು ಸಿಕ್ಕಿದೆ. ದೊಡ್ಡ ಗುಡಾಣವಾದರೆ ತೊಳೆಯೋಕೆ ಮನುಷ್ಯನೇ ಒಳಗಿಳಿಯಬೇಕು. ಅದನ್ನು ನೋಡೋಕೆ ವೈನ್ ಕುಡಿಯಬೇಕಾ ಹೇಳಿ!

ಮೂಸುವುದಕ್ಕೂ ಅಡ್ಡಿ ಇಲ್ಲ. ಕುಡಿಯದವರಿಗೆ ದ್ರಾಕ್ಷಿ ರಸ ಕೊಡುವ ತೋಟಗಳೂ ಇವೆ, ಮೊದಲೇ ವಿಚಾರಿಸಿ.

ಪ್ರಶ್ನೆ: ಯಾವ ತಿಂಗಳಲ್ಲಿ ಹೋಗಬೇಕು?

ಯೂರೋಪಿನಲ್ಲಿ ಕೊಯ್ಲು ಸಾಮಾನ್ಯವಾಗಿ ಆಗಸ್ಟ್ ಕೊನೆಯಿಂದ ಅಕ್ಟೋಬರ್, ದಕ್ಷಿಣ ಗೋಳಾರ್ಧದಲ್ಲಿ ಫೆಬ್ರವರಿಯಿಂದ ಏಪ್ರಿಲ್. ಗೊಂಚಲು ನೋಡಬೇಕಾದರೆ ಕೊಯ್ಲಿಗೆ ಎರಡು ವಾರ ಮುಂಚೆ ಹೋಗಿ. ಕೊಯ್ಲು ಶುರುವಾದ ಮೇಲೆ ಅವರಿಗೆ ಉಸಿರಾಡೋಕೂ ಪುರುಸೊತ್ತಿರುವುದಿಲ್ಲ, ನಿಮ್ಮ ಜೊತೆ ಮಾತಾಡುವುದು ಎಲ್ಲಿಂದ ಬಂತು. ನನಗೆ ವೈಯಕ್ತಿಕವಾಗಿ ಚಳಿಗಾಲವೇ ಇಷ್ಟ. ಎಲೆ ಇಲ್ಲದ ಬಳ್ಳಿಯ ಕಾಂಡ ಪೂರ್ತಿ ಕಾಣುತ್ತದೆ, ಬಳ್ಳಿ ಸವರುವವರ ಕತ್ತರಿ ಯಾವ ಚಿಗುರುಕಣ್ಣು ಉಳಿಸುತ್ತದೆ, ಯಾವುದನ್ನು ಕತ್ತರಿಸಿ ಹಾಕುತ್ತದೆ ಅಂತ ನಿಂತು ನೋಡಬಹುದು.

ಪ್ರಶ್ನೆ: ಪ್ರತಿ ಸಾಲಿನ ತುದಿಯಲ್ಲಿ ಗುಲಾಬಿ ಗಿಡ ಇತ್ತು. ಎಲೆಗಳ ಮೇಲೆ ನೀಲಿ ಕಲೆಯೂ ಇತ್ತು. ಯಾಕೆ?

ಗುಲಾಬಿಗೂ ದ್ರಾಕ್ಷಿಗೂ ಬೂದಿ ರೋಗ ಬರುತ್ತದೆ. ಎರಡರ ಶಿಲೀಂಧ್ರ ಬೇರೆ ಬೇರೆ, ಆದರೆ ಹವೆ ಒಂದೇ ಥರ ಬೇಕು. ಗುಲಾಬಿಯಲ್ಲಿ ಮೊದಲು ಕಾಣಿಸಿದರೆ ಬಳ್ಳಿಯ ಕಡೆ ಗಮನ ಕೊಡಬಹುದು ಅಂತ ನೆಡುತ್ತಿದ್ದರು. ಈಗ ಬಹುಪಾಲು ಅಂದಕ್ಕೇ.

ನೀಲಿ ಕಲೆಯ ಕತೆ ನನಗೆ ಇನ್ನೂ ಇಷ್ಟ. ಕೃಷಿ ಮಾಡುವ ಓದುಗರಿಗೆ ಬೋರ್ಡೋ ದ್ರಾವಣ ಗೊತ್ತೇ ಇರುತ್ತದೆ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಔಷಧಿ. ನೀವು ನೋಡಿದ ಕಲೆ ಬಹುಶಃ ಅದರದ್ದೇ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿ ಪಕ್ಕದ ಸಾಲುಗಳಿಗೆ ಇದನ್ನು ಎರಚುತ್ತಿದ್ದರು. ರೋಗಕ್ಕಲ್ಲ, ಹೋಗಿಬರುವವರು ಹಣ್ಣು ಕಿತ್ತು ತಿನ್ನಬಾರದು ಅಂತ. ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1882ರಲ್ಲಿ ಆ ದಾರಿಯಲ್ಲಿ ಹೋಗುವಾಗ ಒಳಗಿನ ಸಾಲುಗಳಲ್ಲಿ ಎಲೆ ಉದುರಿದ್ದರೂ ದಾರಿ ಪಕ್ಕದವು ಹಸಿರಾಗಿಯೇ ಇರುವುದನ್ನು ಗಮನಿಸಿದರು. 1885ರಲ್ಲಿ ಅದನ್ನು ಔಷಧಿಯಾಗಿ ಪ್ರಕಟಿಸಿದರು. ಊರಿನ ಹೆಸರೇ ಔಷಧಿಗೂ ಬಂತು.

ಪ್ರಶ್ನೆ: ಗೈಡ್ ಬರೀ ರಾಜರು, ಯಾರು ಈ ವೈನ್ ಕುಡಿದರು ಅಂತ ಹೇಳಿದರು. ನಾವು ಏನು ಕೇಳಬೇಕಿತ್ತು?

ಕೆಲಸ ಮಾಡಿದವರು ಯಾರು ಅಂತ ಕೇಳಿ. ದಕ್ಷಿಣ ಆಫ್ರಿಕಾದ ಗ್ರೂಟ್ ಕಾನ್ಸ್ಟಾನ್ಷಿಯಾ ತೋಟದ ಜಮೀನು 1685ರಲ್ಲಿ ಅಲ್ಲಿನ ಡಚ್ ವಸಾಹತಿನ ಆಡಳಿತಗಾರ ಸೈಮನ್ ವಾನ್ ಡರ್ ಸ್ಟೆಲ್‌ಗೆ ಸಿಕ್ಕಿತು. ಕಾನ್ಸ್ಟಾನ್ಷಿಯಾದ ಸಿಹಿ ವೈನ್ ಸೇಂಟ್ ಹೆಲೆನಾ ದ್ವೀಪದಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್ನನಿಗೂ ಹೋಗುತ್ತಿತ್ತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ಬಳ್ಳಿ ನೆಟ್ಟು, ಸವರಿ, ಹಣ್ಣು ತುಳಿದವರು ಗುಲಾಮರು. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಈಗ ಅವರ ಬದುಕಿನ ಬಗ್ಗೆಯೂ ತೋರಿಸುತ್ತಾರೆ. ರುಚಿ ನೋಡುವ ಮುಂಚೆ ಅಲ್ಲಿಗೆ ಹೋಗಿ ಬನ್ನಿ, ನಂತರ ಅಲ್ಲ.

ಇನ್ನೊಂದು, ಕೊಯ್ಲಿನ ದಿನ ಯಾರು ನಿಶ್ಚಯಿಸುತ್ತಿದ್ದರು ಅಂತ ಕೇಳಿ. ಜರ್ಮನಿಯ ಶ್ಲಾಸ್ ಯೊಹಾನಿಸ್ಬರ್ಗ್ ಅಂಗಳದಲ್ಲಿ ಕುದುರೆ ಸವಾರನ ಪ್ರತಿಮೆ ಇದೆ. ಕೊಯ್ಲಿಗೆ ಫುಲ್ಡಾದ ಮಠಾಧಿಪತಿಯ ಅಪ್ಪಣೆ ಬೇಕಿತ್ತು. 1775ರಲ್ಲಿ ಅಪ್ಪಣೆ ತರುವ ಸವಾರ ತಡ ಮಾಡಿದ, ಅಷ್ಟರಲ್ಲಿ ಹಣ್ಣು ಬಳ್ಳಿಯಲ್ಲೇ ಸುಕ್ಕುಗಟ್ಟಿ ಬೂಷ್ಟು ಹಿಡಿಯಿತು, ಆದರೂ ಹಿಂಡಿದರು, ಬಂದ ವೈನ್ ಅದುವರೆಗಿನ ಎಲ್ಲಕ್ಕಿಂತ ಚೆನ್ನಾಗಿತ್ತು ಅಂತ ಅಲ್ಲಿ ಹೇಳುತ್ತಾರೆ. ತಡ ಕೊಯ್ಲಿನ ವೈನಿಗೆ ಅಲ್ಲಿ ಇವತ್ತಿಗೂ ಬೇರೆಯೇ ಹೆಸರಿದೆ, ಶ್ಪೇಟ್ಲೇಸ.

ಪ್ರಶ್ನೆ: ತೋಟದಲ್ಲಿ ಅಷ್ಟು ಚೆನ್ನಾಗಿದ್ದ ವೈನ್ ಮನೆಗೆ ತಂದು ತೆಗೆದರೆ ಚೆನ್ನಾಗಿರಲಿಲ್ಲ. ಬಾಟಲಿ ಬದಲಾಯಿತೇ?

ಒದ್ದೆ ರಟ್ಟಿನ ಹಾಗೆ ಮುಗ್ಗಲು ವಾಸನೆ ಬಂದರೆ ಅದು ಬಿರಡೆಯ ದೋಷ. ಆರೋಗ್ಯಕ್ಕೆ ಕೆಡುಕಿಲ್ಲ, ಆದರೆ ರುಚಿ ಸತ್ತಿರುತ್ತದೆ, ಕೊಂಡ ಕಡೆ ಹೇಳಿದರೆ ಸಾಮಾನ್ಯವಾಗಿ ಬದಲಿಸಿಕೊಡುತ್ತಾರೆ. ಹಾಗಿಲ್ಲ ಅಂದರೆ ಬಹುಶಃ ಜಾಸ್ತಿ ಬೆಚ್ಚಗಿತ್ತು ಅಥವಾ ಜಾಸ್ತಿ ತಣ್ಣಗಿತ್ತು. ಅಲ್ಲಿ ಮಾಳಿಗೆಯಿಂದ ನೇರ ತಂದು ಸುರಿದಿರುತ್ತಾರೆ, ಇಲ್ಲಿ ನಾವು ಫ್ರಿಜ್ಜಿನಿಂದ ತೆಗೆದು ಹಾಗೇ ಸುರಿಯುತ್ತೇವೆ. ಕೆಂಪಾದರೆ ಹೊರಗೆ ಅರ್ಧ ಗಂಟೆ ಇಟ್ಟು ನೋಡಿ.

ಹಳೇ ಕೆಂಪು ವೈನಿನ ತಳದಲ್ಲಿ ಗಸಿ ಇರುತ್ತದೆ, ಪ್ರಯಾಣದಲ್ಲಿ ಅದೆಲ್ಲ ಕದಡಿ ಕಹಿಯಾಗುತ್ತದೆ. ತಂದ ಬಾಟಲಿಯನ್ನು ಕೆಲವು ದಿನ ಮುಟ್ಟಬೇಡಿ, ತೆಗೆಯುವ ಹಿಂದಿನ ದಿನ ನೆಟ್ಟಗೆ ನಿಲ್ಲಿಸಿ. ಕತ್ತಿನ ಹಿಂದೆ ಒಂದು ದೀಪ ಇಟ್ಟುಕೊಂಡು, ಎಲ್ಲೂ ನಿಲ್ಲಿಸದೆ ನಿಧಾನಕ್ಕೆ ಇನ್ನೊಂದು ಪಾತ್ರೆಗೆ ಬಗ್ಗಿಸಿ. ಕರಿಯ ಎಳೆಯ ಹಾಗೆ ಗಸಿ ಕತ್ತಿನ ಹತ್ತಿರ ಬರುವುದು ಕಂಡ ತಕ್ಷಣ ಕೈ ನಿಲ್ಲಿಸಿ, ಕೊನೆಯ ಎರಡು ಬೆರಳಷ್ಟನ್ನು ಬಾಟಲಿಯಲ್ಲೇ ಬಿಡಿ.